ಬಿಗಿ ರವಿಕೆಯ ಮಾತು ಬಿಡಿ, ಹೊಟ್ಟೆಗೆ ಟೇಪು ಹಿಡಿಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ನಿಮ್ಮ ಆರೋಗ್ಯ ಪುಟದಲ್ಲಿ ಸ್ತನ ಕ್ಯಾನ್ಸರ್ ತಡೆಯಲು ಹನ್ನೆರಡು ಸಲಹೆ ಅಂತ ಬಂದಿತ್ತು. ನಾನು ಅದನ್ನು ಓದಿದ್ದು ಮನೆಯಲ್ಲಲ್ಲ, ಅಂಗಡಿಯಲ್ಲಿ. ಗಿರಾಕಿಯೊಬ್ಬರು ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡು ಬಂದಿದ್ದರು. ಜೊತೆಗೆ ದೀಪಾವಳಿಗೆ ನಾನೇ ಹೊಲಿದುಕೊಟ್ಟ ಮೂರು ರವಿಕೆ. "ಅಕ್ಕಾ, ಮೂರನ್ನೂ ಬಿಚ್ಚಿ ಲೂಸ್ ಮಾಡ್ಕೊಡಿ. ಬಿಗಿ ಹಾಕಿದ್ರೆ ಕ್ಯಾನ್ಸರ್ ಬರುತ್ತಂತೆ" ಅಂದರು.

ಬಿಗಿಯ ಮಾತು ನಿಮ್ಮ ಪುಟದಲ್ಲಿ ಇರಲಿಲ್ಲ. ಅದು ಅವರಿಗೆ ವಾಟ್ಸಾಪಿನಲ್ಲಿ ಬಂದದ್ದು. ನಿಮ್ಮ ಪುಟದಲ್ಲಿ ಇದ್ದದ್ದು ಒಂಬತ್ತನೇ ಸಲಹೆ: "ತೂಕ ನಿಯಂತ್ರಣದಲ್ಲಿಡಿ." ಅಷ್ಟೇ. ಯಾಕೆ ಅಂತ ಒಂದಕ್ಷರ ಇಲ್ಲ. ಆ "ಯಾಕೆ" ಗೊತ್ತಿಲ್ಲದ್ದಕ್ಕೇ ಆಕೆ ಹುಕ್ಕಿನ ಮೇಲೆ ಅನುಮಾನ ಪಟ್ಟುಕೊಂಡು ಬಂದಿದ್ದರು. ಹಾಗಾಗಿ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ನಿಮ್ಮ ಕೈಯಲ್ಲಿದೆ.

ನಾನು ಮಲ್ಲೇಶ್ವರದಲ್ಲಿ ಮೂವತ್ತು ವರ್ಷದ ಮೇಲಾಯಿತು ರವಿಕೆ, ಚೂಡಿದಾರ್ ಹೊಲಿಯುತ್ತಿದ್ದೇನೆ. ಆರು ವರ್ಷದ ಹಿಂದೆ ನನಗೇ ಈ ಕಾಯಿಲೆ ಬಂತು. ಎಡಗಡೆ ತೆಗೆದಿದ್ದಾರೆ. ಎರಡೂ ಕಡೆಯಿಂದ ಮಾತಾಡಬಲ್ಲೆ ಅಂತ ಇಷ್ಟು ಹೇಳಿದೆ.

ಮೊದಲು ಬಿಗಿಯ ಮಾತು ಮುಗಿಸಿಬಿಡೋಣ. ಬ್ರಾ ಹಾಕುವುದಕ್ಕೂ ಕ್ಯಾನ್ಸರಿಗೂ ಸಂಬಂಧ ಇದೆಯಾ ಅಂತ ಅಮೆರಿಕದ ಸಿಯಾಟಲ್‌ನಲ್ಲಿ 1,500ಕ್ಕೂ ಹೆಚ್ಚು ಹೆಂಗಸರನ್ನು ಕೇಳಿ ನೋಡಿದ್ದಾರೆ. ಎಲ್ಲರೂ 55 ದಾಟಿದವರು. ದಿನಕ್ಕೆ ಎಷ್ಟು ಗಂಟೆ ಹಾಕುತ್ತಿದ್ದರು, ಕಂಬಿ ಇತ್ತಾ ಇಲ್ಲವಾ, ಯಾವ ವಯಸ್ಸಿನಿಂದ ಶುರು ಮಾಡಿದರು, ಎಲ್ಲ ವಿಚಾರಿಸಿದ್ದಾರೆ. 2014ರಲ್ಲಿ ಫಲಿತಾಂಶ ಬಂತು. ಯಾವ ಸಂಬಂಧವೂ ಸಿಗಲಿಲ್ಲ. ಬಿಗಿ ರವಿಕೆಯಿಂದ ಕಂಕುಳ ಹತ್ತಿರ ಚರ್ಮ ಉಜ್ಜುತ್ತದೆ, ಭುಜ ನೋಯುತ್ತದೆ, ಊಟ ಆದ ಮೇಲೆ ಕೆಳಗಿನ ಹುಕ್ಕು ತೆಗೆಯಬೇಕು ಅನ್ನಿಸುತ್ತದೆ. ಅದಕ್ಕಿಂತ ಜಾಸ್ತಿ ಪಾಪ ಅದರ ತಲೆ ಮೇಲೆ ಹೊರಿಸಬೇಡಿ.

ಆದರೆ ರವಿಕೆ ಬಿಗಿ ಆಗುವುದು ಯಾಕೆ ಅಂತ ಕೇಳಿ. ಅಲ್ಲಿ ವಿಷಯ ಇದೆ.

ನನ್ನ ಹತ್ತಿರ ಹದಿನಾಲ್ಕು ಅಳತೆ ಪುಸ್ತಕಗಳಿವೆ. ರಟ್ಟು ಕಿತ್ತುಹೋದ ಉದ್ದನೆಯ ನೋಟ್ ಬುಕ್ಕುಗಳು. ಒಬ್ಬ ಗಿರಾಕಿಯ ಲೆಕ್ಕ ಹೇಳುತ್ತೇನೆ, ಹೆಸರು ಬೇಡ. 1998ರಲ್ಲಿ ಮೊದಲ ಚೂಡಿದಾರ್: ಎದೆ 34, ಹೊಟ್ಟೆ 29, ತೋಳಿನ ಸುತ್ತು ಹತ್ತೂವರೆ. 2009ರಲ್ಲಿ ಎದೆ 36, ಹೊಟ್ಟೆ 31, ತೋಳು ಹನ್ನೊಂದು. ಹನ್ನೊಂದು ವರ್ಷಕ್ಕೆ ಎರಡು ಇಂಚು, ಎರಡು ಮಕ್ಕಳಾದ ಮೇಲೆ, ಅದೇನು ದೊಡ್ಡದಲ್ಲ. ಆಮೇಲೆ ಆಕೆಗೆ ಮುಟ್ಟು ನಿಂತಿತು. 2018ರಲ್ಲಿ ಎದೆ 38, ಹೊಟ್ಟೆ 37. ತೋಳು ಮಾತ್ರ ಅದೇ ಹನ್ನೊಂದು. ಪುಸ್ತಕದಲ್ಲಿ ಇಂಥವರು ಒಬ್ಬಿಬ್ಬರಲ್ಲ. ಕೈಕಾಲು ಹಾಗೇ ಇರುತ್ತದೆ, ಸೊಂಟ ಮಾಯ ಆಗಿ ಹೊಟ್ಟೆ ಬರುತ್ತದೆ. ನಲವತ್ತೈದು ದಾಟಿದವರ ಬಟ್ಟೆಗೆ ಪಕ್ಕದ ಹೊಲಿಗೆಯಲ್ಲಿ ಎರಡು ಇಂಚು ಬಟ್ಟೆ ಒಳಗೆ ಬಿಡುತ್ತೇನೆ. ಅವರು ಕೇಳದಿದ್ದರೂ ಬಿಡುತ್ತೇನೆ. ಬಿಚ್ಚಿಸಲು ಬಂದೇ ಬರುತ್ತಾರೆ.

ಇದನ್ನು ಇಷ್ಟು ವರ್ಷ ಬಟ್ಟೆಯ ಲೆಕ್ಕ ಅಂದುಕೊಂಡಿದ್ದೆ.

2019ರಲ್ಲಿ ನನಗೆ 53. ಸ್ನಾನ ಮಾಡುವಾಗ ಎಡಗಡೆ ಹೊರಭಾಗದಲ್ಲಿ ಹುಣಸೆಬೀಜದಷ್ಟು ಗಟ್ಟಿ ಸಿಕ್ಕಿತು. ಮನೆ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದೆ. ಅಲ್ಲಿದ್ದವರು ಸೀರೆ ಸೆರಗಿನ ಮೇಲಿಂದಲೇ ಮುಟ್ಟಿ "ಕೊಬ್ಬಿನ ಗಂಟು, ಏನೂ ಆಗಲ್ಲ" ಅಂದರು. ನಂಬಿದೆ. ನಂಬುವುದು ಸುಲಭ ಇತ್ತು, ಅದು ಮದುವೆ ಸೀಸನ್ನು. ಎಂಟು ತಿಂಗಳು ಹೋಯಿತು. ಆಮೇಲೆ ಮಗಳು ಎಳೆದುಕೊಂಡು ಹೋದಳು. ಮ್ಯಾಮೊಗ್ರಾಂ, ಸೂಜಿ ಹಾಕಿ ತುಣುಕು ತೆಗೆಯುವುದು, ಆಪರೇಷನ್, ಕರೆಂಟು ಅಂತೀವಲ್ಲ ಆ ರೇಡಿಯೇಷನ್. ಇವನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಪಟ್ಟವರಿಗೆ ಗೊತ್ತು, ಉಳಿದವರಿಗೆ ಬೇಡ.

ಎಲ್ಲ ಮುಗಿದ ಮೇಲೆ ಡಾಕ್ಟರಮ್ಮ ಒಂದು ಮಾತ್ರೆ ಬರೆದರು. ಲೆಟ್ರೊಜೋಲ್, ಎರಡೂವರೆ ಮಿಲಿಗ್ರಾಂ, ದಿನಕ್ಕೊಂದು, ಐದು ವರ್ಷ. "ನಿಮ್ಮ ಗಡ್ಡೆ ಈಸ್ಟ್ರೋಜನ್ ಹಾರ್ಮೋನ್ ಕುಡಿದು ಬೆಳೆಯೋ ಥರದ್ದು ಅಮ್ಮಾ. ಆ ಹಾರ್ಮೋನ್ ತಯಾರಾಗೋದನ್ನ ಇದು ನಿಲ್ಲಿಸುತ್ತೆ" ಅಂದರು.

ನಾನು ಕೇಳಿದೆ: "ಮುಟ್ಟು ನಿಂತು ನಾಲ್ಕು ವರ್ಷ ಆಯ್ತಲ್ಲ ಮೇಡಂ. ಅಂಗಡಿ ಮುಚ್ಚಿದ ಮೇಲೆ ಮಾಲು ಎಲ್ಲಿಂದ ಬರುತ್ತೆ?"

ಅವರು ನಕ್ಕರು. ಪೆನ್ನಿನ ತುದಿಯಿಂದ ನನ್ನ ಹೊಟ್ಟೆಯ ಮಡಿಕೆ ಮುಟ್ಟಿದರು. "ಇಲ್ಲಿಂದ."

ಸಂಪಾದಕರೇ, ಅರ್ಧ ಜೀವನ ಹೆಂಗಸರ ಹೊಟ್ಟೆ ಅಳೆದವಳು ನಾನು. ಅಲ್ಲಿ ಒಂದು ಕಾರ್ಖಾನೆ ನಡೆಯುತ್ತಿದೆ ಅಂತ ಆವತ್ತೇ ಗೊತ್ತಾದದ್ದು.

ನನಗೆ ಅರ್ಥ ಆದ ಹಾಗೆ ಹೇಳುತ್ತೇನೆ. ಮಗಳು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತಾಳೆ, ಅವಳು ತಿದ್ದಿದ್ದಾಳೆ. ಮುಟ್ಟು ಇರುವ ತನಕ ಈಸ್ಟ್ರೋಜನ್ ಮುಖ್ಯವಾಗಿ ಅಂಡಾಶಯದಿಂದ ಬರುತ್ತದೆ. ಮುಟ್ಟು ನಿಂತ ಮೇಲೆ ಅಲ್ಲಿಂದ ಬರುವುದು ನಿಲ್ಲುತ್ತದೆ. ಆದರೆ ಕಿಡ್ನಿಯ ಮೇಲೆ ಟೋಪಿ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಗಂಡು ಹಾರ್ಮೋನಿನ ಜಾತಿಯ ಕಚ್ಚಾ ಮಾಲನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಕೊಬ್ಬಿನಲ್ಲಿ ಅರೊಮಟೇಸ್ ಅನ್ನುವ ಕಿಣ್ವ ಇದೆ. ಅದು ಈ ಮಾಲನ್ನು ಈಸ್ಟ್ರೋಜನ್ ಆಗಿ ಬದಲಾಯಿಸುತ್ತದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಥಾನು ಅಡ್ರಿನಲ್‌ನದು, ಕಟಿಂಗು ಕೊಬ್ಬಿನದು. ಕೊಬ್ಬು ಜಾಸ್ತಿ ಇದ್ದರೆ ಕಟಿಂಗ್ ಟೇಬಲ್ಲೂ ಜಾಸ್ತಿ. ಸ್ತನದಲ್ಲೇ ಬೇಕಾದಷ್ಟು ಕೊಬ್ಬು ಇರುತ್ತದಲ್ಲ, ಅಂದರೆ ಗಡ್ಡೆಯ ಪಕ್ಕದ ಮನೆಯಲ್ಲೇ ಹೊಲಿಗೆ ಮೆಷಿನ್ನು. ಲೆಟ್ರೊಜೋಲ್ ಮಾಡುವುದು ಇಷ್ಟೇ, ಕತ್ತರಿ ಕಿತ್ತುಕೊಳ್ಳುತ್ತದೆ.

ಆ ಮಾತ್ರೆಯ ಇನ್ನೊಂದು ಮುಖವನ್ನೂ ಹೇಳಬೇಕು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿ ಹತ್ತು ನಿಮಿಷ ಕೂರಬೇಕು. ಸೂಜಿಗೆ ದಾರ ಪೋಣಿಸಲು ಅಂಗಡಿಯ ಹುಡುಗಿಯನ್ನು ಕರೆಯಬೇಕು. ಕೀಲು ನೋವು ಈ ಮಾತ್ರೆಯಲ್ಲಿ ಮಾಮೂಲು ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು, ಬಿಡಬೇಡಿ ಅಂತಲೂ ಹೇಳಿದ್ದರು. ಬಿಡಲಿಲ್ಲ. ಐದು ವರ್ಷ ಮುಗಿಸಿದ್ದೇನೆ.

ಕೊಬ್ಬಿನ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಅದು ತನ್ನದೇ ಹಾರ್ಮೋನುಗಳನ್ನೂ ಬಿಡುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಲೆಪ್ಟಿನ್. ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಕಂಡುಹಿಡಿಯಿತು. ಗ್ರೀಕ್ ಭಾಷೆಯಲ್ಲಿ ಲೆಪ್ಟೋಸ್ ಅಂದರೆ ತೆಳ್ಳಗೆ ಅಂತ. "ಹೊಟ್ಟೆ ತುಂಬಿದೆ, ಸಾಕು" ಅಂತ ಮೆದುಳಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಕೊಬ್ಬು ಏರಿದಷ್ಟೂ ಲೆಪ್ಟಿನ್ ಏರುತ್ತದೆ. ಒಂದು ಹಂತ ದಾಟಿದರೆ ಮೆದುಳು ಕಿವಿಗೊಡುವುದನ್ನು ಬಿಡುತ್ತದೆ, ದಿನಾ ಕೂಗುವ ತರಕಾರಿ ಗಾಡಿಯವನ ಹಾಗೆ. ಆದರೆ ಉಳಿದ ಅಂಗಗಳು ಕೇಳಿಸಿಕೊಳ್ಳುತ್ತವೆ. ಲ್ಯಾಬಿನಲ್ಲಿ ಸ್ತನ ಕ್ಯಾನ್ಸರ್ ಜೀವಕೋಶಗಳಿಗೆ ಲೆಪ್ಟಿನ್ ಕೊಟ್ಟರೆ ಅವು ಚುರುಕಾಗಿ ಬೆಳೆಯುತ್ತವೆ.

ಇನ್ನೊಂದು ಅಡಿಪೊನೆಕ್ಟಿನ್. ಇದು ಒಳ್ಳೆಯದು, ಆದರೆ ವಿಚಿತ್ರ. ಕೊಬ್ಬಿನಿಂದಲೇ ಹುಟ್ಟುತ್ತದೆ, ಕೊಬ್ಬು ಜಾಸ್ತಿ ಆದರೆ ಕಡಿಮೆ ಆಗುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲು ಸಹಾಯ ಮಾಡುತ್ತದೆ, ಉರಿಯೂತ ತಗ್ಗಿಸುತ್ತದೆ. ಇದು ಇಳಿದರೆ ಇನ್ಸುಲಿನ್ ಏರುತ್ತದೆ. ಇನ್ಸುಲಿನ್ ಏರಿದರೆ ರಕ್ತದಲ್ಲಿ ಈಸ್ಟ್ರೋಜನ್ ಅನ್ನು ಕಟ್ಟಿ ಹಿಡಿಯುವ ಒಂದು ಪ್ರೋಟೀನ್ ಕಡಿಮೆ ಆಗುತ್ತದೆ. ಆಗ ಬಿಡುಬೀಸಾಗಿ ಓಡಾಡುವ ಈಸ್ಟ್ರೋಜನ್ ಇನ್ನೂ ಜಾಸ್ತಿ. ಒಂದು ದಾರ ಎಳೆದರೆ ಇಡೀ ಅಂಚು ಸುಕ್ಕಾಗುತ್ತದಲ್ಲ, ಹಾಗೆ. ಈ ಎಲ್ಲದರಲ್ಲಿ ಗಟ್ಟಿ ಸಾಕ್ಷಿ ಇರುವುದು ಈಸ್ಟ್ರೋಜನ್ ಮೇಲೆ. ಲೆಪ್ಟಿನ್, ಅಡಿಪೊನೆಕ್ಟಿನ್ ಅದರ ಹಿಂದೆ ನಿಲ್ಲುತ್ತವೆ ಅಂತ ಮಗಳು ಒತ್ತಿ ಹೇಳಿದ್ದಾಳೆ, ಹಾಗೇ ಬರೆಯುತ್ತಿದ್ದೇನೆ.

ಸ್ತನಕ್ಕೂ ಅಂಡಾಶಯಕ್ಕೂ ಏನೋ ನಂಟು ಇದೆ ಅನ್ನುವುದು ಹೊಸ ವಿಷಯವೇನೂ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಜಾರ್ಜ್ ಬೀಟ್ಸನ್ ಅನ್ನುವ ಸರ್ಜನ್ ಅಂಡಾಶಯ ತೆಗೆದರೆ ಕೆಲವರ ಸ್ತನದ ಗಡ್ಡೆ ಕುಗ್ಗುತ್ತದೆ ಅಂತ 1896ರಲ್ಲೇ ತೋರಿಸಿದ್ದರು. ಆಗ ಹಾರ್ಮೋನ್ ಅನ್ನುವ ಪದವೇ ಹುಟ್ಟಿರಲಿಲ್ಲ.

ಈಗ "ನಾನು ದಪ್ಪ ಇಲ್ಲ, ನನಗೆ ಇದು ಬೇಡ" ಅಂತ ಪುಟ ತಿರುಗಿಸುವವರಿಗೆ ಒಂದು ಮಾತು. ನಾನೂ ದಪ್ಪ ಇರಲಿಲ್ಲ. ಐದು ಅಡಿ ಒಂದು ಇಂಚಿಗೆ 58 ಕೆಜಿ. ಆಸ್ಪತ್ರೆಯ ಗೋಡೆಯ ಚಾರ್ಟಿನಲ್ಲಿ ನಾನು ಹಸಿರು ಬಣ್ಣದ ಕಡೆ ಇದ್ದೆ. ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಲೆಕ್ಕ, ಅಂದರೆ ಬಿಎಂಐ, 24 ಚಿಲ್ಲರೆ. ಆಮೇಲೆ ಗೊತ್ತಾಯಿತು, 25ಕ್ಕೆ ಗೆರೆ ಎಳೆದ ಆ ಚಾರ್ಟು ನಮಗೆ ಅಳತೆ ತೆಗೆದು ಹೊಲಿದದ್ದಲ್ಲ. ಭಾರತೀಯರಿಗೆ 23ಕ್ಕೇ ತೂಕ ಜಾಸ್ತಿ ಅಂತ ಲೆಕ್ಕ.

ಇದಕ್ಕೆ ಒಂದು ಫೋಟೋ ಇದೆ, ಮಗಳು ಫೋನಿನಲ್ಲಿ ತೋರಿಸಿದಳು. 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯ ಪತ್ರಿಕೆಯಲ್ಲಿ ಬಂದದ್ದು. ಇಬ್ಬರು ಡಾಕ್ಟರುಗಳು ಅಕ್ಕಪಕ್ಕ ನಿಂತಿದ್ದಾರೆ. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ. ನಮ್ಮ ಯಾಜ್ಞಿಕ್ ಮೈಯಲ್ಲಿ 21.2. ನೋಡಲು ಇಬ್ಬರೂ ಸಣ್ಣ. ಅದನ್ನು ನೋಡಿ ನನ್ನ ಅಳತೆ ಪುಸ್ತಕ ನೆನಪಾಯಿತು. ತೋಳು ಹನ್ನೊಂದು, ಹೊಟ್ಟೆ ಮೂವತ್ತೇಳು.

ಅಮೆರಿಕದಲ್ಲಿ ಮುಟ್ಟು ನಿಂತ, ಬಿಎಂಐ ಸರಿಯಾಗಿಯೇ ಇದ್ದ 3,460 ಹೆಂಗಸರ ಮೈಕೊಬ್ಬನ್ನು ಸ್ಕ್ಯಾನ್ ಮಾಡಿ ಅಳೆದು, ವರ್ಷಗಟ್ಟಲೆ ಅವರ ಹಿಂದೆ ಬಿದ್ದು ನೋಡಿದ್ದಾರೆ. ಕೊಬ್ಬು ಅತಿ ಕಡಿಮೆ ಇದ್ದವರಿಗೆ ಹೋಲಿಸಿದರೆ ಅತಿ ಜಾಸ್ತಿ ಇದ್ದವರಿಗೆ ಸ್ತನ ಕ್ಯಾನ್ಸರ್ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ತೂಕದ ಯಂತ್ರ ಇವರಲ್ಲಿ ಯಾರಿಗೂ ಏನೂ ಹೇಳುತ್ತಿರಲಿಲ್ಲ. ಇದನ್ನು ಬರೆದವರ ಹೆಸರು ನೀಲ್ ಅಯ್ಯಂಗಾರ್. ನಮ್ಮ ಬೀದಿಯ ಬೇಕರಿಯ ಹೆಸರೂ ಅಯ್ಯಂಗಾರ್. ಎರಡೂ ಒಂದೇ ಪತ್ರದಲ್ಲಿ ಬರಬೇಕು ಅಂತ ಇತ್ತೇನೋ.

ಇಷ್ಟೆಲ್ಲ ಹೇಳಿ ಒಂದು ಕಡೆ ನಿಲ್ಲಬೇಕು. ಆಪರೇಷನ್ ಆಗಿ ಮಲಗಿದ್ದಾಗ ನಮ್ಮ ಕಡೆಯ ಹಿರಿಯರೊಬ್ಬರು ಹಾರ್ಲಿಕ್ಸ್ ಬಾಟಲಿ ಹಿಡಿದು ಬಂದರು. ಕೂತು, ಕಾಫಿ ಕುಡಿದು, "ಬಾಯಿ ಕಟ್ಟಿದ್ರೆ ಬರ್ತಿರ್ಲಿಲ್ಲ ಕಣೇ" ಅಂದರು. ಆ ಮಾತು ಇನ್ನೂ ಎದೆಯಲ್ಲಿದೆ. ಇರುವ ಅರ್ಧ ಎದೆಯಲ್ಲಿ. ದಯವಿಟ್ಟು ನೀವು ಬರೆಯುವಾಗ ಆ ಧಾಟಿ ಬರದ ಹಾಗೆ ನೋಡಿಕೊಳ್ಳಿ. ಲೆಕ್ಕ ಹೀಗಿದೆ: ಬಿಎಂಐ ಐದು ಅಂಕ ಏರಿದರೆ ಮುಟ್ಟು ನಿಂತವರಲ್ಲಿ ಅಪಾಯ ಸುಮಾರು 12 ಶೇಕಡಾ ಏರುತ್ತದೆ. ಅಂದರೆ ನೂರು ಜನಕ್ಕೆ ಬರುವ ಕಡೆ ನೂರ ಹನ್ನೆರಡು ಜನಕ್ಕೆ. ಆ ನೂರು ಜನ ಏನು ತಪ್ಪು ಮಾಡಿದ್ದರು? ಈ ಕಾಯಿಲೆ ಬಂದವರಲ್ಲಿ ಐದರಿಂದ ಹತ್ತು ಶೇಕಡಾ ಜನಕ್ಕೆ ಅದು ವಂಶದಿಂದ ಬಂದದ್ದು. ಕಡ್ಡಿ ಹಾಗಿದ್ದವರಿಗೂ ಬರುತ್ತದೆ. ನನ್ನ ಪಕ್ಕದ ಬೆಡ್ಡಿನವರು 42 ಕೆಜಿ ಇದ್ದರು. ಇನ್ನು ಮುಟ್ಟು ನಿಲ್ಲುವ ಮುಂಚೆ ಲೆಕ್ಕವೇ ಬೇರೆ. ಪಶ್ಚಿಮದ ದೇಶಗಳ ಅಧ್ಯಯನಗಳಲ್ಲಿ ಚಿಕ್ಕ ವಯಸ್ಸಿನ ದಪ್ಪ ಹೆಂಗಸರಿಗೆ ಅಪಾಯ ಸ್ವಲ್ಪ ಕಡಿಮೆಯೇ ಕಂಡಿದೆ. ಹಾಗಾಗಿ ಮೂವತ್ತರ ಹುಡುಗಿಗೆ ಇದೇ ಪಾಠ ಓದಿ ಹೆದರಿಸುವ ಹಾಗಿಲ್ಲ.

ಆದರೆ ಬೆಂಗಳೂರಿನ ಮಟ್ಟಿಗೆ ಸುಮ್ಮನಿರುವುದೂ ಸರಿಯಲ್ಲ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ 1982ರಿಂದ ಈ ಊರಿನ ಕ್ಯಾನ್ಸರ್ ಲೆಕ್ಕ ಬರೆದಿಡುತ್ತಾ ಬಂದಿದ್ದಾರೆ. ಮೊದಲು ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು. ಈಗ ಸ್ತನದ್ದು ಮೊದಲ ಸ್ಥಾನದಲ್ಲಿದೆ. ತಡವಾಗಿ ಮದುವೆ, ಕಡಿಮೆ ಮಕ್ಕಳು, ಕಡಿಮೆ ಕಾಲ ಎದೆಹಾಲು, ಇವೆಲ್ಲ ಕಾರಣಗಳಲ್ಲಿವೆ. ಕೊಬ್ಬೂ ಇದೆ. ಕೇಂದ್ರ ಸರ್ಕಾರದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆಂಗಸರಲ್ಲಿ ಮೂವತ್ತು ಜನರ ತೂಕ ಜಾಸ್ತಿ ಅಂತ ಬಂದಿದೆ. ಅದೂ 25ರ ಗೆರೆ ಇಟ್ಟುಕೊಂಡು, 15ರಿಂದ 49 ವಯಸ್ಸಿನವರನ್ನು ಮಾತ್ರ ಲೆಕ್ಕ ಹಾಕಿ. ಅಂದರೆ ನನ್ನ ವಯಸ್ಸಿನವರು ಆ ಲೆಕ್ಕದಲ್ಲೇ ಇಲ್ಲ.

ಒಳ್ಳೆಯ ಸುದ್ದಿಯೂ ಇದೆ. ಮುಟ್ಟು ನಿಂತ ಮೇಲೆ ಏನು ಮಾಡಿದರೂ ವೇಸ್ಟು ಅನ್ನುವವರಿಗೆ ಹೇಳುತ್ತೇನೆ. ಅಮೆರಿಕದ ನರ್ಸುಗಳನ್ನು ದಶಕಗಟ್ಟಲೆ ನೋಡಿಕೊಂಡು ಬಂದ ಅಧ್ಯಯನವೊಂದಿದೆ. ಮುಟ್ಟು ನಿಂತ ಮೇಲೆ ಹತ್ತು ಕೆಜಿ ಇಳಿಸಿ, ಮತ್ತೆ ಏರದ ಹಾಗೆ ನೋಡಿಕೊಂಡು, ಮುಟ್ಟು ನಿಂತವರಿಗೆ ಕೊಡುವ ಹಾರ್ಮೋನ್ ಮಾತ್ರೆಯನ್ನೂ ಯಾವತ್ತೂ ತೆಗೆದುಕೊಳ್ಳದ ಹೆಂಗಸರಲ್ಲಿ ಅಪಾಯ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಹತ್ತು ಕೆಜಿ ದೊಡ್ಡದು, ಒಪ್ಪುತ್ತೇನೆ. ನಾನು ಇಳಿಸಿದ್ದು ನಾಲ್ಕು. ಬೆಳಿಗ್ಗೆ ಸ್ಯಾಂಕಿ ಕೆರೆ ಸುತ್ತ ಎರಡು ಸುತ್ತು, ರಾತ್ರಿ ಅನ್ನದ ಬದಲು ಸೊಪ್ಪು ಹಾಕಿದ ಬಿಸಿ ರೊಟ್ಟಿ. ದಿನಕ್ಕೆ ಹತ್ತು ಗಂಟೆ ಮೆಷಿನ್ನಿನ ಮುಂದೆ ಕೂರುತ್ತಿದ್ದವಳು ಈಗ ಗಂಟೆಗೊಮ್ಮೆ ಎದ್ದು ಇಸ್ತ್ರಿ ಮಾಡುತ್ತೇನೆ. ಹೊಟ್ಟೆ 36 ಇದ್ದದ್ದು 33ಕ್ಕೆ ಬಂದಿದೆ. ಇನ್ನೂ ಒಂದೂವರೆ ಇಂಚು ಬಾಕಿ. ಯುಗಾದಿಯ ಒಬ್ಬಟ್ಟು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಟೈಲರುಗಳ ಬಗ್ಗೆಯೂ ಒಂದು ಮಾತು ಬರೆಯಿರಿ. ಎರಡು ವರ್ಷದ ಹಿಂದೆ ಒಬ್ಬ ಗಿರಾಕಿಯ ಕಟೋರಿ ರವಿಕೆ ಟ್ರಯಲ್ ನೋಡುತ್ತಿದ್ದೆ. ಬಲಗಡೆ ಬಟ್ಟೆ ಸರಿಯಾಗಿ ಕೂತಿತ್ತು. ಎಡಗಡೆ ಎಷ್ಟು ಸಲ ಡಾಟ್ ಬಿಚ್ಚಿ ಹಾಕಿದರೂ ಒಂದು ಕಡೆ ಎಳೆಯುತ್ತಿತ್ತು. ಹಿಂದಿನ ವರ್ಷದ ಅಳತೆಗೆ ಹಾಗೆ ಆಗಿರಲಿಲ್ಲ. ಪರದೆ ಎಳೆದು, "ಒಂದು ಸಲ ಡಾಕ್ಟರಿಗೆ ತೋರಿಸಿ" ಅಂದೆ. ಅವರ ಮುಖ ಕಪ್ಪಿಟ್ಟಿತು. ಹೋಗಿ ತೋರಿಸಿದರು. ಕ್ಯಾನ್ಸರ್ ಅಲ್ಲದ ಗಂಟು ಅಂತ ಬಂತು. ಒಳ್ಳೆಯದೇ ಆಯಿತು. ಆದರೆ ಅವರು ಈಗ ಬೇರೆ ಟೈಲರ್ ಹತ್ತಿರ ಹೋಗುತ್ತಾರೆ. ಪರವಾಗಿಲ್ಲ. ಇನ್ನೊಬ್ಬರಲ್ಲಿ ಹಾಗೆ ಕಂಡರೆ ಮತ್ತೆ ಹೇಳುತ್ತೇನೆ.

ಕೈಯಿಂದ ಮುಟ್ಟಿ ಪರೀಕ್ಷೆ ಮಾಡುವುದಕ್ಕೂ ಬೆಲೆ ಇದೆ. ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಿಂದ ಇಪ್ಪತ್ತು ವರ್ಷ, ಒಂದೂವರೆ ಲಕ್ಷ ಹೆಂಗಸರಲ್ಲಿ ನೋಡಿದ್ದಾರೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದ ಕಡೆ, ಐವತ್ತು ದಾಟಿದವರಲ್ಲಿ ಸಾವು ಸುಮಾರು 30 ಶೇಕಡಾ ಇಳಿಯಿತು. ಗಮನಿಸಿ, ಸೆರಗಿನ ಮೇಲಿಂದ ಮುಟ್ಟಿದ್ದಲ್ಲ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದ ಹೆಂಗಸರಿಗೆ ಈ ಪರೀಕ್ಷೆ ಮಾಡಬೇಕು ಅಂತ ನಿಯಮವೇ ಇದೆ. ನನ್ನ ಗಿರಾಕಿಗಳಲ್ಲಿ ಹತ್ತು ಜನರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ಸಲ ಆ ಹನ್ನೆರಡು ಸಲಹೆ ಹಾಕುವಾಗ ಒಂಬತ್ತನೆಯದನ್ನು ಸ್ವಲ್ಪ ಬಿಚ್ಚಿ, ಒಳಗೆ ಬಟ್ಟೆ ಇದೆ. ಕೊಬ್ಬು ಸುಮ್ನೆ ಕೂತಿಲ್ಲ, ಹಾರ್ಮೋನ್ ಮಾಡುತ್ತದೆ ಅಂತ ಎರಡು ಸಾಲು ಹಾಕಿ. ಅಳೆಯುವ ರೀತಿಯನ್ನೂ ಹಾಕಿ. ರವಿಕೆಯ ಸೊಂಟ ಬೇರೆ, ಡಾಕ್ಟರ ಸೊಂಟ ಬೇರೆ. ನೆಟ್ಟಗೆ ನಿಂತು, ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲ್ತುದಿಗೂ ನಡುವೆ ಟೇಪು ಸುತ್ತಬೇಕು. ಉಸಿರು ಬಿಟ್ಟು ನೋಡಬೇಕು. ಹೊಟ್ಟೆ ಒಳಗೆ ಎಳೆದುಕೊಳ್ಳುವುದು ಬೇಡ, ಎಲ್ಲರೂ ಎಳೆದುಕೊಳ್ಳುತ್ತಾರೆ, ನನಗೆ ಗೊತ್ತು. ನಮ್ಮ ಹೆಂಗಸರಿಗೆ ಗೆರೆ 80 ಸೆಂಟಿಮೀಟರ್. ಆದರೆ ದಯವಿಟ್ಟು ಸೆಂಟಿಮೀಟರಿನಲ್ಲಿ ಹಾಕಬೇಡಿ, ಟೇಪಿನ ಆ ಮಗ್ಗುಲು ಯಾರೂ ತಿರುಗಿಸಿ ನೋಡುವುದಿಲ್ಲ. ಮೂವತ್ತೊಂದೂವರೆ ಇಂಚು ಅಂತ ಹಾಕಿ.

ಆ ಗಿರಾಕಿಯ ಮೂರು ರವಿಕೆಯನ್ನೂ ಬಿಚ್ಚಿ ಅರ್ಧರ್ಧ ಇಂಚು ಬಿಟ್ಟುಕೊಟ್ಟೆ. ಬಿಗಿ ನಿಜವಾಗಿಯೂ ಆಗಿತ್ತು. ಆಮೇಲೆ ಹೊಟ್ಟೆಯ ಅಳತೆಯನ್ನೂ ತೆಗೆದೆ. "ಅದನ್ನ ಬುಕ್ಕಲ್ಲಿ ಬರೀಬೇಡಿ ಅಕ್ಕಾ" ಅಂದರು. ಬರೆಯಲಿಲ್ಲ. ಚೀಟಿಯಲ್ಲಿ ಬರೆದು ಅವರ ಕೈಗೆ ಕೊಟ್ಟೆ. ನಿಮ್ಮ ಪುಟದ ಮಡಿಕೆಯೊಳಗೆ ಇಟ್ಟುಕೊಂಡರು.

ಹೆಸರು ಹಾಕಬೇಡಿ. ಗಿರಾಕಿಗಳು ಇದರಲ್ಲಿ ತಮ್ಮ ಅಳತೆ ಹುಡುಕುತ್ತಾರೆ.

ಇಂತಿ,
ರವಿಕೆ ಹೊಲಿಯುವವಳು,
ಮಲ್ಲೇಶ್ವರ, ಬೆಂಗಳೂರು